ಮೂರನೆಯ ಕಿವಿ

ಹೆಗ್ಗರಣೆ
21 ಫೆಬ್ರವರಿ 2025

ಯಾಸ್ಮೀನ್,

ಅಕ್ಷರ ನೋಡಿ ನಗಬೇಡ. ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವ ದಪ್ಪ ಪೆನ್ನು ಇದು. ಸಾಲುಗಳು ಗುಡ್ಡ ಹತ್ತಿದ್ದರೆ ನೀನೂ ಸ್ವಲ್ಪ ಕತ್ತು ಓರೆ ಮಾಡಿಕೊಂಡು ಓದು.

ಜನವರಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಬಲಗಣ್ಣಿನ ಮುಂದೆ ಯಾರೋ ಪರದೆ ಎಳೆದಂತಾಯಿತು. ನಿಜಕ್ಕೂ ಪರದೆಯೇ, ಕಣ್ಣಿನ ಒಳಗಿನದು, ಕಳಚಿಕೊಂಡಿತ್ತು. ಎಡಗಣ್ಣು ಹುಟ್ಟಿದಾಗಿನಿಂದ ಮಂಕು ಎನ್ನುವುದು ನಿನಗೆ ಗೊತ್ತೇ ಇದೆ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಅದು ಪರದೆಯನ್ನು ಒತ್ತಿ ಹಿಡಿಯಬೇಕು, ಅದಕ್ಕಾಗಿ ನಾನು ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಹಾಗಾಗಿ ಈಗ ನನ್ನ ಲೋಕವೆಂದರೆ ನೆಲ, ಅದರ ಮೇಲೆ ತೇಲುವ ಒಂದು ಕಪ್ಪಂಚಿನ ಗುಳ್ಳೆ. ಗುಳ್ಳೆಯ ಒಳಗೆ ಬೆಳಕು ಅಲುಗುತ್ತದೆ. ನಿದ್ದೆ ಯಾವುದು, ಎಚ್ಚರ ಯಾವುದು ಎಂದು ಎಷ್ಟೋ ಸಲ ತಿಳಿಯುವುದಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಆರು ವರ್ಷ ಮಾತು ಬಿಟ್ಟ ಇಬ್ಬರು ಫೋನಿನಲ್ಲಿ ಏನು ಮಾಡುತ್ತಾರೆ? ಹಲೋ ಅನ್ನುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಸುಮ್ಮನಿರುವುದಕ್ಕೆ ಕಾಗದದಲ್ಲಿ ಬೇಕಾದಷ್ಟು ಜಾಗವಿದೆ.

ವಿಷಯ ಇಷ್ಟು. ಶಿರಸಿಯ ಹಾಸ್ಟೆಲಿನಲ್ಲಿ ನಾವಿಬ್ಬರೂ ಕೂತು ಬರೆದ ಆ ಸಣ್ಣ ಸಾಫ್ಟ್‌ವೇರ್ ಪ್ಯಾಕೇಜು, ‘ಒತ್ತಕ್ಷರ’, ಇನ್ನೂ ಬದುಕಿದೆ. ಹಳೆಯ ಕಂಪ್ಯೂಟರ್ ಅಕ್ಷರಗಳಲ್ಲಿ ಟೈಪಾದ ಕನ್ನಡವನ್ನು ಸರಿಮಾಡಿ ಕೊಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ. ಆದರೂ ಯಾರು ಯಾರೋ ಅದನ್ನು ಪುಕ್ಕಟೆಯಾಗಿ ಎತ್ತಿಕೊಂಡು ತಮ್ಮ ತಮ್ಮ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಾರೆ. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಒಂದು ಆ್ಯಪ್ ಇದೆ. ಅದು ಬಾಯಿ ಬಿಡುವ ಮುಂಚೆ ಪ್ರತಿ ಪದವೂ ನಮ್ಮ ಒತ್ತಕ್ಷರದ ಮೂಲಕ ಹಾದು ಹೋಗುತ್ತದೆ. ಈಗ ನನಗೂ ಅದೇ ಗತಿ. ಅಚ್ಚಾದ ಕಾಗದದ ಮೇಲೆ ಫೋನು ಹಿಡಿದರೆ ಒಬ್ಬಳು ಯಂತ್ರದ ಹೆಂಗಸು ಓದಿ ಹೇಳುತ್ತಾಳೆ. ಕೈಬರಹ ಅವಳಿಗೆ ಬಾರದು.

ಕಣ್ಣು ಹೋದ ಮೇಲೆ ಒತ್ತಕ್ಷರ ನೋಡಿಕೊಳ್ಳಲು ಆಗಲಿಲ್ಲ. ವೈಭವ ಎನ್ನುವವನೊಬ್ಬ ಎರಡು ವರ್ಷದಿಂದ ತಾನಾಗಿಯೇ ಬಂದು ದೋಷ ತಿದ್ದುತ್ತಿದ್ದ. ಅಜ್ಜಿಮನೆ ವಜ್ರಳ್ಳಿಯಂತೆ. ಅವನ ಮುಖ ನೋಡಿಲ್ಲ, ಬರೆಯುವುದಷ್ಟೇ. ಅವನಿಗೆ ಬೀಗದ ಕೈ ಕೊಟ್ಟಿದ್ದೇನೆ, ಮುಖ್ಯ ಒಡೆತನವನ್ನೇ. ಹಿಂದೆ ಅರ್ಧ ನಿನ್ನದೂ ಆಗಿತ್ತಲ್ಲ, ಹೇಳಬೇಕು ಅನ್ನಿಸಿತು.

ಮುಖ ಕೆಳಗೆ ಮಾಡಿಕೊಂಡೇ ನಿನ್ನನ್ನು ನೆನೆಯುವ
ನೀಲಾ


ಯಲ್ಲಾಪುರ
4 ಮಾರ್ಚ್ 2025

ನೀಲಾ,

ನಮ್ಮ ಲಾರಿ ಬುಕಿಂಗ್ ಆಫೀಸಿನ ಪ್ರಿಂಟರಿನಲ್ಲಿ ದಪ್ಪಕ್ಷರದಲ್ಲಿ ತೆಗೆದಿದ್ದೇನೆ, ನಿನ್ನ ಯಂತ್ರದ ಹೆಂಗಸಿಗೆ ಅನುಕೂಲವಾಗಲಿ ಎಂದು. ಹುಬ್ಬಳ್ಳಿಗೆ ಹೋಗುವ ಲೋಡುಗಳ ಚೀಟಿ ಮಧ್ಯೆ ನಿನಗೆ ಬರೆದ ಈ ಕಾಗದವೂ ಹೊರಬಂತು. ಯಾರಿಗೆ ಎಂದು ಕೇಳಿದ ಡ್ರೈವರ್ ಶಫಿಗೆ ‘ಹಳೇ ಲೋಡು’ ಎಂದೆ.

ಕಣ್ಣಿನ ಸುದ್ದಿ ಕೇಳಿ ಬಹಳ ಸಂಕಟವಾಯಿತು. ಅದನ್ನು ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ. ಅಮ್ಮಿಗೆ ಹೇಳಿದೆ. “ಆ ಹುಡುಗಿ ಮೊದಲೇ ಪುಸ್ತಕಕ್ಕೆ ಮೂಗು ತಾಗಿಸಿ ಓದ್ತಿತ್ತು, ಈಗ ನೆಲಕ್ಕೆ ತಾಗಿಸ್ಕೊಂಡಿದೆ” ಎಂದಳು. ಆಮೇಲೆ ದುವಾ ಮಾಡಿದಳು. ಅವಳದ್ದೂ ಒಂದು ಕಥೆ: ರಂಜಾನಿನ ಮೊದಲ ದಿನವೇ ಅಂಗಳದ ಮೆಟ್ಟಿಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಪ್ಲಾಸ್ಟರ್ ಹಾಕಿದೆ. ಆ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಇಫ್ತಾರಿಗೆ ಬಂದವರ ಮುಂದೆ ಕೂರುತ್ತಾಳೆ. ಹೊರಗಿನವರಿಗೆ ಯಾರಿಗೂ ಹೇಳಕೂಡದೆಂದು ಕಟ್ಟಪ್ಪಣೆ. ಹೆಗ್ಗರಣೆ ದೂರವಾದ್ದರಿಂದ ನಿನಗೆ ಹೇಳಿದ್ದೇನೆ.

ಬೀಗದ ಕೈ ವಿಷಯ. ನನ್ನ ಬೀಗದ ಕೈ ತೆಗೆದುಬಿಡು ಎಂದು ನಾನೇ ಹೇಳಿ ಹೋದವಳು. ಯಾರೋ ಒಬ್ಬ ದೂರದವನು ಒತ್ತಕ್ಷರದಲ್ಲಿ ನಾನು ಬರೆದ ಪುಟವನ್ನು ಕಸ ಎಂದು ಬರೆದಾಗ, ನೀನು ಅವನಿಗೆ ಥ್ಯಾಂಕ್ಸ್ ಹೇಳಿ ಆ ಪುಟವನ್ನೇ ಅಳಿಸಿದ್ದಕ್ಕೆ. ಹಾಗಾಗಿ ಕೇಳುವ ಹಕ್ಕಿಲ್ಲ. ಆದರೂ ಕೇಳುತ್ತೇನೆ. ನೋಡದವನಿಗೆ ಮನೆ ಕೊಡುವಷ್ಟು ಅವನು ಏನು ಮಾಡಿದ?

ಯಾಸ್ಮೀನ್


ಹೆಗ್ಗರಣೆ
14 ಮಾರ್ಚ್ 2025

ಯಾಸ್ಮೀನ್,

ಏನು ಮಾಡಿದ ಎಂದು ಕೇಳಿದ್ದೀಯ. ದುಡಿದ. ನನ್ನ ಗದ್ದೆಯಲ್ಲಿ ದುಡಿದ.

ನಮ್ಮ ಕಡೆ ಮುಯ್ಯಾಳು ನೀನು ನೋಡಿದ್ದೀಯಲ್ಲ. ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಕೂಲಿ ಕೇಳುವುದಿಲ್ಲ, ಕೊಡುವುದಿಲ್ಲ. ಆದರೆ ಮುಯ್ಯಿ ತೀರಿಸದೆ ಉಳಿದರೆ ಊರಲ್ಲಿ ತಲೆ ಎತ್ತಿ ನಡೆಯುವುದು ಕಷ್ಟ. ಎಲ್ಲರೂ ಸೇರಿ ಪುಕ್ಕಟೆ ಬರೆಯುವ ಈ ಓಪನ್ ಸೋರ್ಸ್ ಸಾಫ್ಟ್‌ವೇರ್ ಅಂದರೆ ಏನು ಎಂದು ಅತ್ತೆ ಕೇಳಿದಾಗ ನಾನು ಹೇಳಿದ್ದೂ ಅದನ್ನೇ. ಅವರಿಗೆ ಒಂದೇ ಮಾತಿಗೆ ಅರ್ಥವಾಯಿತು. ವೈಭವ ಎರಡು ವರ್ಷ ನನ್ನ ಗದ್ದೆಗೆ ಬಂದ. ಜನ ದೂರಿದ್ದನ್ನೆಲ್ಲ ತಿದ್ದಿದ, ಬೈದವರಿಗೆ ಸಮಾಧಾನ ಹೇಳಿದ. ನಾನು ಎಲ್ಲಿಗೆ ಹೋಗಿ ತೀರಿಸಲಿ? ಅವನಿಗೆ ಗದ್ದೆಯೇ ಇಲ್ಲ. ಅವನು ಕೇಳಲೂ ಇಲ್ಲ, ಯಾಸ್ಮೀನ್. ನಾನೇ ಕೊಟ್ಟೆ. ಕೊಟ್ಟ ದಿನ ಮೈ ಹಗುರವಾಯಿತು.

ಇನ್ನೊಂದು ಹೇಳುತ್ತೇನೆ, ಬೈಯಬೇಡ. ದಿನಾ ಬೆಳಿಗ್ಗೆ ಅವನ ಸಂದೇಶ ಬರುತ್ತದೆ: “ಅಕ್ಕಾ, ಕಣ್ಣು ಹ್ಯಾಂಗಿದ್ದು?” ಆಪರೇಷನ್ ಆದ ವಾರ, ಎಲ್ಲರಿಗೂ ಇನ್ನೂ ಬಿಡುಗಡೆಯಾಗದ ಒತ್ತಕ್ಷರದ ಹೊಸ ಆವೃತ್ತಿಯನ್ನು ನನ್ನ ಫೋನಿಗೆಂದೇ ಕಟ್ಟಿ ಕಳಿಸಿದ. ಇದರಲ್ಲಿ ಉಚ್ಚಾರ ಚೆನ್ನಾಗಿದೆ, ನಿಮ್ಮ ಕಣ್ಣು ಬರುವವರೆಗೆ ಇದನ್ನೇ ಬಳಸಿ ಎಂದ. ಶಾಲೆ ಶುರುವಾಗುವ ಹೊತ್ತಿಗೆ, ಮೇ ಕೊನೆಗೆ, ಕಣ್ಣು ಕಾಣದ ಮಕ್ಕಳ ಶಾಲೆಗಳಿಗೆಲ್ಲ ಇದೇ ಹೋಗಲಿದೆ. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಇದ್ದಾರೆ. ಆದರೆ ಅವರಿಗೆ ಕೆಲಸವಿರುತ್ತದೆ. ನನ್ನ ಗಂಡ ವಿಘ್ನೇಶ್ವರ ಜೇನುಪೆಟ್ಟಿಗೆ ನೋಡಲು ಹೋದರೆ ಮಧ್ಯಾಹ್ನಕ್ಕೇ ಬರುವುದು. ಕೆಲಸಕ್ಕೆ ಬರುವ ದುರ್ಗಮ್ಮ ಮಾತ್ರ ಆಗಾಗ ಬಾಗಿಲಲ್ಲಿ ನಿಂತು, “ಅಮ್ಮಾ, ಆ ಪೋನಿನ ಹೆಂಗ್ಸು ದಿನಾ ಇಷ್ಟ್ ಮಾತಾಡ್ತದಲ್ಲ, ಅದು ಯಾವಾಗ ಊಟ ಮಾಡ್ತದೆ?” ಎಂದು ವಿಚಾರಿಸಿಕೊಳ್ಳುತ್ತಾಳೆ.

ನಿನ್ನ ಕಾಗದವನ್ನೂ ಆ ಯಂತ್ರದ ಹೆಂಗಸೇ ಓದಿದಳು. ವಿಚಿತ್ರವೆಂದರೆ ವೈಭವನಿಗೂ ನಿನಗೂ ಈಗ ಒಂದೇ ದನಿ. ಕಣ್ಣು ಮುಚ್ಚಿಕೊಂಡು ಕೇಳುತ್ತಾ ಮಂಪರು ಹತ್ತಿದರೆ ಹಾಸ್ಟೆಲಿನ ಕೋಣೆ ಬರುತ್ತದೆ. ನೀನು ಕಿಟಕಿಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತೀಯ, ಬಾಯಿ ನಿನ್ನದು, ಮಾತು ಅವನದು. ನಾನು ನಿನ್ನನ್ನು ಕರೆಯುತ್ತೇನೆ. ನೀನು ತಿರುಗುವ ಮುಂಚೆ ಎಚ್ಚರವಾಗುತ್ತದೆ.

ಆ ಅಳಿಸಿದ ಪುಟದ ಬಗ್ಗೆ ಏನೂ ಬರೆಯುವುದಿಲ್ಲ. ಅಮ್ಮಿಯ ಕೈ ಹುಷಾರು.

ನೀಲಾ


ಯಲ್ಲಾಪುರ
24 ಮಾರ್ಚ್ 2025

ನೀಲಾ,

ಬೈಯಬೇಡ ಅಂದೆ, ಬೈಯುವುದಿಲ್ಲ. ಆದರೆ ತೂಗದೆ ಇರಲು ನನ್ನಿಂದ ಆಗಲಿಲ್ಲ.

ನಮ್ಮ ಲಾರಿಗಳ ಕೆಲಸ ನಿನಗೆ ಗೊತ್ತು. ಅಂಗಳದಲ್ಲಿ ಹತ್ತು ಜನರ ಕಣ್ಣೆದುರು ಲೋಡು ಹೇರುತ್ತಾರೆ, ತಾಡಪಾಲು ಎಳೆದು ಹಗ್ಗ ಬಿಗಿಯುತ್ತಾರೆ. ಅದು ಸರಿ. ಆದರೆ ಇಳಿಸುವ ಕಡೆ ಇನ್ನೊಮ್ಮೆ ತೂಗದೆ ನಾನು ರಸೀದಿಗೆ ಸಹಿ ಹಾಕುವುದಿಲ್ಲ. ದಾರಿಯಲ್ಲಿ ಏನಾದರೂ ಕಡಿಮೆಯಾಗಬಹುದು. ಕೆಲವು ಸಲ ಹೆಚ್ಚೂ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ನಮ್ಮ ಲಾರಿಯಲ್ಲಿ ಬೇರೆ ಯಾರದೋ ಮಾಲು ಕೂತಿದೆ ಎಂದರ್ಥ.

ಒತ್ತಕ್ಷರದ ಕೋಡು ಇಂಟರ್ನೆಟ್ಟಿನ ತಾಣದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆ. ಅದನ್ನು ಓದಿದೆ. ಒಳ್ಳೆಯ ಕೆಲಸ, ನಿನ್ನದಕ್ಕಿಂತ ಓರಣ. ಆಮೇಲೆ ಅದೇ ಕೋಡಿನಿಂದ ಫೋನಿನಲ್ಲಿ ನಡೆಯುವ ಕಟ್ಟೊಂದನ್ನು ನಾನೇ ಮಾಡಿ, ವೈಭವ ಪರೀಕ್ಷೆಗೆಂದು ಏರಿಸಿಟ್ಟ ಹೊಸ ಕಟ್ಟಿನ ಪಕ್ಕದಲ್ಲಿಟ್ಟೆ. ಎರಡೂ ಒಂದೇ ಇರಬೇಕಿತ್ತು. ಅವನದು ಭಾರ. ಬಿಚ್ಚಿ ನೋಡಿದರೆ, ಪರೀಕ್ಷೆಗೆ ಇಡುವ ಅಕ್ಷರಗಳ ಮಾದರಿ ಎನ್ನುವ ಒಂದು ಫೈಲು. ಎಲ್ಲರಿಗೂ ಕಾಣುವ ಕಡೆ ಅದು ಇಲ್ಲವೇ ಇಲ್ಲ. ಒಳಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಅದು ಏನು ಮಾಡುತ್ತದೆ ಎಂದು ಇನ್ನೂ ಗೊತ್ತಾಗಿಲ್ಲ. ಆದರೆ ಒಳ್ಳೆಯ ಮಾಲನ್ನು ಯಾರೂ ತಾಡಪಾಲಿನ ಕೆಳಗೆ ಅಡಗಿಸಿ ತರುವುದಿಲ್ಲ.

ಅವನನ್ನು ಕೇಳಬೇಡ. ಅದಕ್ಕಿಂತ ಮೊದಲು ವಿಘ್ನೇಶ್ವರರ ಹತ್ತಿರ ಮಾತಾಡು.

ಯಾಸ್ಮೀನ್


ಹೆಗ್ಗರಣೆ
3 ಏಪ್ರಿಲ್ 2025

ಯಾಸ್ಮೀನ್,

ನಿನ್ನ ಕಾಗದ ಬಂದು ಐದಾರು ದಿನವಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ.

ನನಗೆ ಒಬ್ಬರು ಆಸರೆಯಾದರೆ ನಿನಗೆ ಯಾಕೆ ಹಾಗಾಗುತ್ತದೆ? ನೀನು ಬಿಟ್ಟು ಹೋದ ಮೇಲೆ ಒತ್ತಕ್ಷರಕ್ಕೆ ನಾನೊಬ್ಬಳೇ. ಎಷ್ಟು ಸಂಜೆ, ಎಷ್ಟು ಭಾನುವಾರ. ಒಬ್ಬರಾದರೂ ತಿರುಗಿ ನೋಡಲಿಲ್ಲ. ನೋಡಿದವನು ಇವನೊಬ್ಬ. ನೀನು ಆರು ವರ್ಷದ ಮೇಲೆ ತಕ್ಕಡಿ ಹಿಡಿದುಕೊಂಡು ಬಂದಿದ್ದೀಯ. ತೂಕ ಹೆಚ್ಚಾದರೆ ಏನಾಯಿತು? ಮಾದರಿ ಫೈಲು ಎಲ್ಲರೂ ಇಡುತ್ತಾರೆ. ವಿಘ್ನೇಶ್ವರನೂ “ಅಂವ ಯಾರು ಹೇಳಿ ನಿಂಗೆ ಗೊತ್ತಿದ್ದಾ?” ಎಂದು ಕೇಳಿದ. ಗೊತ್ತಿಲ್ಲ. ನೀನು ಯಾರೆಂದು ಮಾತ್ರ ನನಗೆ ಗೊತ್ತಿತ್ತೇ?

ನಾನು ಅವನಿಗೆ ಒಂದು ಮಾತೂ ಹೇಳಲಿಲ್ಲ. ಆದರೂ ಮರುದಿನವೇ ಅವನ ಸಂದೇಶ ಎಷ್ಟು ಮೆತ್ತಗಿತ್ತು ಗೊತ್ತೇ? “ಅಕ್ಕಾ, ಹಳೆಯ ಗೆಳೆತನ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗಿ ಬರ್ತು, ಬೇಜಾರು ಮಾಡ್ಕಳಡಿ. ಅವರಿಗೂ ಮನೆಯಲ್ಲಿ ಕಷ್ಟ ಇರಲಕ್ಕು. ತಾಯಿಯ ಕೈ ಪ್ಲಾಸ್ಟರ್ ಬಿಚ್ಚಿದ ಮೇಲೆ ಬಿಸಿ ಎಳ್ಳೆಣ್ಣೆ ತಿಕ್ಕಲೆ ಹೇಳಿ, ನನ್ನ ಅಜ್ಜಿಗೆ ಅದರಿಂದಲೇ ಕಡಿಮೆ ಆದದ್ದು.” ನೀನು ಅವನನ್ನು ಕಳ್ಳನೆನ್ನುತ್ತೀಯ, ಅವನು ನಿನ್ನ ಅಮ್ಮಿಯ ಕೈಗೆ ಎಣ್ಣೆ ಹೇಳುತ್ತಾನೆ.

ಗುಳ್ಳೆ ಸಣ್ಣದಾಗಿದೆ. ಈಗ ತಲೆ ಎತ್ತಬಹುದು. ಬಾವಿಯ ನೀರು ಇಳಿದಂತೆ ಅದರ ಅಂಚು ಇಳಿಯುತ್ತಿದೆ, ಮೇಲಿನಿಂದ ಲೋಕ ಬಿಟ್ಟುಕೊಳ್ಳುತ್ತಿದೆ. ಮೊದಲು ಮನೆಯ ಮಾಡು ಕಂಡಿತು, ಆಮೇಲೆ ಮರದ ತುದಿ, ಆಮೇಲೆ ಬಾಗಿಲಲ್ಲಿ ನಿಂತವರ ಹಣೆ. ಮುಖ ಇನ್ನೂ ಕಾಣುವುದಿಲ್ಲ.

ನೀಲಾ


ಯಲ್ಲಾಪುರ
7 ಏಪ್ರಿಲ್ 2025

ನೀಲಾ,

ಇದನ್ನು ಕೈಯಲ್ಲಿ ಬರೆದಿದ್ದೇನೆ, ನಿನ್ನ ಹಾಗೆಯೇ ದಪ್ಪ ಪೆನ್ನಿನಲ್ಲಿ. ಫೋನಿಗೆ ತೋರಿಸಬೇಡ. ಫೋನಿನ ಹತ್ತಿರ ಯಾರೂ ಗಟ್ಟಿಯಾಗಿ ಓದುವುದೂ ಬೇಡ. ಎಷ್ಟು ಹೊತ್ತಾದರೂ ಸರಿ, ನೀನೇ ಓದು.

ಅಮ್ಮಿಯ ಕೈ ಮುರಿದದ್ದು ಅವನಿಗೆ ಹೇಗೆ ಗೊತ್ತು?

ನೀನು ಹೇಳಿದ್ದೆಯಾ? ನೆನಪು ಮಾಡಿಕೋ. ಹೇಳಿದ್ದರೆ ನಾನು ಹೆಗ್ಗರಣೆಗೆ ಬಂದು ನಿನ್ನ ಕಾಲು ಹಿಡಿಯುತ್ತೇನೆ. ಹೇಳಿರದಿದ್ದರೆ ಅವನಿಗೆ ಅದು ತಿಳಿಯಲು ಒಂದೇ ದಾರಿ. ನನ್ನ ಕಾಗದ ನಿನ್ನ ಯಂತ್ರದ ಬಾಯಿಂದ ಬಂದಿದೆ. ಅವನು ನಿನಗೆಂದೇ ಕಟ್ಟಿ ಕಳಿಸಿದ ಕಟ್ಟು ಓದಿದ್ದನ್ನೆಲ್ಲ ಅವನಿಗೂ ಕಳಿಸುತ್ತಿದೆ. ಆ ಹೆಚ್ಚಿನ ಭಾರ ಅದೇ. ನೀನು ಕೇಳುತ್ತಿದ್ದಾಗ ಅವನೂ ಕೇಳುತ್ತಿದ್ದ.

ಬ್ಯಾಂಕಿನ ಸಂದೇಶ, ಡಾಕ್ಟರ ಚೀಟಿ, ನನ್ನ ಜಗಳ, ಎಲ್ಲವನ್ನೂ. ಮೇ ಕೊನೆಗೆ ಅದು ಆ ಶಾಲೆಗಳ ಮಕ್ಕಳ ಫೋನುಗಳಿಗೆ ಹೋಗುತ್ತದೆ. ಮನೆಯಿಂದ ಬಂದ ಸುದ್ದಿಯನ್ನು ತಾವೊಬ್ಬರೇ ಕೇಳಿಸಿಕೊಳ್ಳುತ್ತಿದ್ದೇವೆ ಎಂದುಕೊಂಡು ಆ ಮಕ್ಕಳು ಕೂರುತ್ತವೆ.

ಈಗ ಸಿಟ್ಟು ಮಾಡುವ ಹೊತ್ತಲ್ಲ. ನನ್ನ ಮೇಲಿನ ಸಿಟ್ಟನ್ನು ಒಂದು ಕಡೆ ತೆಗೆದಿಟ್ಟುಕೋ, ಎಲ್ಲಿಗೂ ಹೋಗುವುದಿಲ್ಲ.

ಯಾಸ್ಮೀನ್


ಹೆಗ್ಗರಣೆ
13 ಏಪ್ರಿಲ್ 2025

ಯಾಸ್ಮೀನ್,

ಓದಲು ಇಡೀ ದಿನ ಬೇಕಾಯಿತು. ಹಿತ್ತಿಲಿನ ಕಟ್ಟೆಯಲ್ಲಿ ಕೂತು, ಗುಳ್ಳೆಯ ಮೇಲಿನ ತೆರವಿನಲ್ಲಿ ಒಂದೊಂದೇ ಅಕ್ಷರ ಹಿಡಿದೆ. ‘ಅಮ್ಮಿಯ ಕೈ’ ಎನ್ನುವಲ್ಲಿಗೆ ಬಂದಾಗ ಮುಂದಿನದನ್ನು ಓದುವ ಮುಂಚೆಯೇ ಗೊತ್ತಾಗಿ ಹೋಯಿತು. ಹೇಳಿರಲಿಲ್ಲ. ವಿಘ್ನೇಶ್ವರನಿಗೂ ಹೇಳಿರಲಿಲ್ಲ. ಯಾರಿಗೂ ಹೇಳಕೂಡದು ಅಂತ ನೀನು ಬರೆದಿದ್ದೆಯಲ್ಲ.

ಮೊದಲು ನನಗೆ ಬಂದದ್ದು ಸಿಟ್ಟಲ್ಲ, ನಾಚಿಕೆ. ನಿದ್ದೆಗಣ್ಣಿನಲ್ಲಿ ಇರುವುದನ್ನು ಯಾರೋ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು ಎಂಬಂಥ ನಾಚಿಕೆ. ಫೋನನ್ನು ಅಕ್ಕಿಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟೆ. ಅದು ಅಲ್ಲಿಂದಲೇ “ಅಕ್ಕಾ, ಕಣ್ಣು ಹ್ಯಾಂಗಿದ್ದು” ಎಂದು ಓದಿತು. ದುರ್ಗಮ್ಮ ಅಕ್ಕಿ ತೆಗೆಯಲು ಹೋದವಳು ಹಾಗೇ ಹಿಂದೆ ಬಂದಳು.

ವಿಘ್ನೇಶ್ವರನಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, “ಬೈದ್ರೆ ಎಂತ ಆಗ್ತಿಲ್ಲೆ. ಮುಂದೆ ಎಂತ ಮಾಡವು ಹೇಳಿ ಅವಳ ಹತ್ರವೇ ಕೇಳು” ಎಂದ. ಅವಳು ಅಂದರೆ ನೀನು.

ನಮಗಿರುವ ತೊಡಕು ಇದು. ಮುಖ್ಯ ಒಡೆಯ ಈಗ ಅವನು. ಒತ್ತಕ್ಷರವನ್ನು ಮರಳಿ ಪಡೆಯಬೇಕಾದರೆ ಆ ತಾಣದವರಿಗೆ ಪುರಾವೆ ಸಹಿತ ಬರೆಯಬೇಕು. ಅವರು ವಿಚಾರಿಸಿ ತೀರ್ಮಾನಿಸಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಅವನಿಗೆ ವಾಸನೆ ಬಡಿದರೆ ಹೊಸ ಆವೃತ್ತಿಯನ್ನು ಅವತ್ತೇ ಎಲ್ಲರಿಗೂ ಬಿಟ್ಟುಬಿಡುತ್ತಾನೆ. ನಿನಗೆ ಅನುಮಾನ ಬಂದಿದೆ ಎನ್ನುವುದು ಅವನಿಗೆ ಗೊತ್ತು. ನಾನು ನಿನ್ನನ್ನು ನಂಬಿದ್ದೇನೆ ಎನ್ನುವುದು ಗೊತ್ತಿಲ್ಲ.

ಹಾಗಾಗಿ ಪುರಾವೆ ನೀನು ಕಳಿಸು. ಜೊತೆಗೆ ನನಗೆ ಇನ್ನೊಂದು ಕಾಗದ ಬರೆ, ಅಚ್ಚು ಹಾಕಿ. ಅವನು ಕೇಳಿ ನೆಮ್ಮದಿಯಾಗುವಂಥದ್ದು. ನಾನು ಅದನ್ನು ಯಂತ್ರದಿಂದ ಓದಿಸುತ್ತೇನೆ.

ಸುಳ್ಳು ಬರೆಯಲು ನಿನಗೆ ಕಷ್ಟ ಎಂದು ಗೊತ್ತು. ನನಗೋಸ್ಕರ ಬರೆ.

ನಿನ್ನ ನೀಲಾ


ಯಲ್ಲಾಪುರ
22 ಏಪ್ರಿಲ್ 2025

ಪ್ರೀತಿಯ ನೀಲಾ,

ವೈಭವ ಅವರ ಬಗ್ಗೆ ಬರೆದದ್ದು ನನ್ನ ತಪ್ಪು. ಸರಿಯಾಗಿ ನೋಡದೆ ತೂಗಿದ್ದೆ, ಆ ಫೈಲಿನಲ್ಲಿ ಏನೂ ಇಲ್ಲ.

ಅಮ್ಮಿ ಹೇಳುವಂತೆ ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವಾಗ ಬಸ್ಸು ಸಿಗುವುದಿಲ್ಲ. ಆರು ವರ್ಷದ ಹಿಂದೆ ಆ ಪುಟ ಅಳಿಸಿ ಹೋದ ದಿನ ನಾನು ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಮೂರು ಯಲ್ಲಾಪುರ ಬಸ್ಸು ಬಿಟ್ಟು ಕೂತಿದ್ದೆ. ನೀನು ಬರುತ್ತೀಯ ಎಂದು. ನೀನು ಬರಲಿಲ್ಲ. ನಾನು ಅಲ್ಲಿದ್ದೇನೆ ಎಂದು ನಿನಗೆ ಹೇಗೆ ಗೊತ್ತಾಗಬೇಕಿತ್ತು ಎಂದು ಆಮೇಲೆ ಯೋಚಿಸಿದೆ. ಯೋಚಿಸಿದ್ದು ಎರಡು ವರ್ಷ ಕಳೆದ ಮೇಲೆ.

ಆ ಪುಟ ನಿಜಕ್ಕೂ ಚೆನ್ನಾಗಿರಲಿಲ್ಲ. ನೀನು ಅಳಿಸಿದ್ದೇ ಸರಿಯಾಗಿತ್ತು. ನನಗೆ ಬೇಕಾಗಿದ್ದದ್ದು ಪುಟವಲ್ಲ. ಅಳಿಸುವ ಮುಂಚೆ ನೀನು ನನ್ನ ಕಡೆ ಒಮ್ಮೆ ತಿರುಗಿ ನೋಡಬೇಕಿತ್ತು, ಅಷ್ಟೇ.

ನಿಮ್ಮ ಸಿದ್ದಾಪುರದ ಕಡೆಗೆ ನಮ್ಮ ಲಾರಿ ಹೊರಟಾಗೆಲ್ಲ ನಾನು ಆಫೀಸಿನಿಂದ ಹೊರಗೆ ಬಂದು ನಿಲ್ಲುತ್ತಿದ್ದೆ. ಏನಾದರೂ ಕಳಿಸಬೇಕಾ ಅಕ್ಕಾ ಎಂದು ಶಫಿ ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ನಿನ್ನ ಮದುವೆಯ ಸುದ್ದಿ ಅವನಿಂದಲೇ ಗೊತ್ತಾದದ್ದು. ಆ ದಿನ ಅಮ್ಮಿ ಶಾವಿಗೆ ಪಾಯಸ ಮಾಡಿದಳು. ಯಾತಕ್ಕೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇನ್ನೊಬ್ಬ ಗೆಳತಿಯನ್ನು ಮಾಡಿಕೊಳ್ಳಲು ನೋಡಿದೆ, ನೀಲಾ. ಆಗಲಿಲ್ಲ. ನಿನ್ನ ಹಾಗೆ ಮಾತಿನ ನಡುವೆ ಮಾತು ಮರೆತು ಕಿಟಕಿಯ ಹೊರಗೆ ನೋಡುವವರು ಯಲ್ಲಾಪುರದಲ್ಲಿ ಯಾರೂ ಇಲ್ಲ.

ಕಣ್ಣು ಬೇಗ ಬರಲಿ.

ಯಾಸ್ಮೀನ್


ಹೆಗ್ಗರಣೆ
12 ಮೇ 2025

ಯಾಸ್ಮೀನ್,

ಮುಗಿಯಿತು. ಆಗಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿನ್ನ ಅಚ್ಚಿನ ಕಾಗದವನ್ನು ಯಂತ್ರದಿಂದ ಓದಿಸಿದೆ. ಮರುದಿನ ಅವನು, “ನೋಡಿ ಅಕ್ಕಾ, ಎಲ್ಲ ಸರಿ ಆಗ್ತು ಹೇಳಿ ನಂಗೆ ಗೊತ್ತಿತ್ತು” ಎಂದು ಬರೆದ. ಆಮೇಲೆ ಅವನು ಅವಸರ ಮಾಡಲಿಲ್ಲ. ನೀನು ಕಳಿಸಿದ ಪುರಾವೆಯನ್ನು ತಾಣದವರು ನಂಬಿದರು. ಅವರ ಕಡೆಯವರೊಬ್ಬರು ಆ ಅಕ್ಷರಗಳ ರಾಶಿಯ ಗಂಟು ಬಿಚ್ಚಿದರು. ನೀನು ಹೇಳಿದ್ದೇ ಅದರೊಳಗಿತ್ತು. ಮೊನ್ನೆ ಮಧ್ಯಾಹ್ನ, ಈಗ ಬೀಗ ಬದಲಿಸಿ ಎಂದು ವಿಘ್ನೇಶ್ವರನ ಫೋನಿಗೆ ಕರೆ ಬಂತು.

ನನ್ನ ಫೋನಿನ ಯಂತ್ರವಿಲ್ಲದೆ ನನಗೆ ಪರದೆಯ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ. “ಆನು ಓದ್ತೆ, ನೀನು ಒತ್ತು” ಎಂದು ವಿಘ್ನೇಶ್ವರ ಪಕ್ಕದಲ್ಲಿ ಕೂತ. ಅವನ ಕೈಯಿಂದ ಜೇನುಮೇಣದ ವಾಸನೆ ಬರುತ್ತಿತ್ತು. ಅದೇ ಹೊತ್ತಿಗೆ ಆಚೆ ಕೋಣೆಯಲ್ಲಿ ನನ್ನ ಫೋನನ್ನು ನಿನ್ನ ಅಚ್ಚಿನ ಕಾಗದದ ಮೇಲೆ ನಿಲ್ಲಿಸಿ, ಮೊದಲಿಂದ ಓದಲು ಬಿಟ್ಟಿದ್ದೆ. ವೈಭವನಿಗೆ ಏನಾದರೊಂದು ಕೇಳುತ್ತಿರಲಿ ಎಂದು. ಖಾಲಿ ಕೋಣೆಯಲ್ಲಿ ಆ ಹೆಂಗಸು ನಿನ್ನ ಬಸ್‌ಸ್ಟ್ಯಾಂಡಿನ ಮಾತು ಹೇಳುತ್ತಿದ್ದಳು. ಅವಳು ಶಾವಿಗೆ ಪಾಯಸಕ್ಕೆ ಬರುವ ಹೊತ್ತಿಗೆ ವೈಭವ ಹೊರಗಿದ್ದ.

ಆಮೇಲೆ ಎಲ್ಲರಿಗೂ ಕಾಣುವಂತೆ ನನ್ನ ಹೆಸರಿನಲ್ಲೇ ಬರೆದೆ: ಗುರುತಿಲ್ಲದವನಿಗೆ ಬೀಗದ ಕೈ ಕೊಟ್ಟವಳು ನಾನು, ಹೊಸ ಆವೃತ್ತಿಯನ್ನು ಯಾರೂ ಮುಟ್ಟಬೇಡಿ, ಹಳೆಯದು ಸರಿಯಿದೆ. ಬೈದವರು ಬೈದರು. ಇಷ್ಟು ದಿನ ಒಬ್ಬಳೇ ಮಾಡುತ್ತಿದ್ದಿರಾ ಎಂದು ಕೇಳಿದವರೂ ಇದ್ದರು. ಅವರು ಇಷ್ಟು ದಿನ ಎಲ್ಲಿದ್ದರೋ. ಓದಿ ಹೇಳುವ ಆ್ಯಪಿನವರು ಶಾಲೆಗಳಿಗೆ ಹೋಗಬೇಕಿದ್ದುದನ್ನು ನಿಲ್ಲಿಸಿದ್ದಾರೆ. ಆ ಮಕ್ಕಳ ಮನೆಯ ಸುದ್ದಿ ಅವರದೇ ಆಗಿ ಉಳಿಯಿತು.

ವೈಭವ ಒಬ್ಬನೋ ಹತ್ತು ಜನವೋ, ವಜ್ರಳ್ಳಿ ನೋಡಿದ್ದಾನೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅವನ ಕೊನೆಯ ಸಂದೇಶದಲ್ಲಿ ವಿಶೇಷವೇನೂ ಇರಲಿಲ್ಲ, ಎಂದಿನ ಹಾಗೆ ಕಣ್ಣಿನ ವಿಚಾರಣೆ ಅಷ್ಟೇ. ನಿನಗೆ ಸುಳ್ಳು ಹೇಳುವುದಿಲ್ಲ: ಮರುದಿನ ಬೆಳಿಗ್ಗೆ ಅದಕ್ಕಾಗಿ ಕಾದೆ. ಬರಲಿಲ್ಲ ಎಂದು ಅತ್ತುಬಿಟ್ಟೆ. ಅತ್ತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಗುಳ್ಳೆ ಹೋಯಿತು. ಎದ್ದಾಗ ಇರಲಿಲ್ಲ. ಮುಖಗಳು ಪೂರ್ತಿ ಕಾಣುತ್ತಿವೆ. ದುರ್ಗಮ್ಮನ ಮೂಗುಬೊಟ್ಟು ಇಷ್ಟು ದೊಡ್ಡದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಿನ್ನ ಆ ಅಚ್ಚಿನ ಕಾಗದವನ್ನು ಈಗ ನನ್ನ ಕಣ್ಣಿನಿಂದಲೇ ಓದಿದೆ. ಮತ್ತೆ ಮತ್ತೆ ಓದಿದೆ.

ಒಂದು ಕೇಳುತ್ತೇನೆ. ಅವನನ್ನು ಮರುಳು ಮಾಡಲು ಬರೆ ಎಂದವಳು ನಾನೇ. ನೀನು ಅಚ್ಚುಕಟ್ಟಾಗಿ ಬರೆದೆ. ಆ ಬಸ್‌ಸ್ಟ್ಯಾಂಡು, ಆ ಪಾಯಸ, ಲಾರಿ ಹೊರಟಾಗ ಹೊರಗೆ ಬಂದು ನಿಲ್ಲುತ್ತಿದ್ದದ್ದು. ಅದೆಲ್ಲ ಅವನಿಗೆಂದು ಕಟ್ಟಿದ ಕಥೆಯಾ? ಆಗಿದ್ದರೂ ಪರವಾಗಿಲ್ಲ, ಕೆಲಸವಾಯಿತು. ಆದರೆ ನನಗೆ ತಿಳಿಯಬೇಕು.

ನೀಲಾ


ಯಲ್ಲಾಪುರ
17 ಮೇ 2025

ನೀಲಾ,

ಅವನಿಗೆಂದು ಬರೆದದ್ದು ಮೊದಲಿನ ಎರಡು ಸಾಲು.

ಅಷ್ಟಕ್ಕೇ ನಿಲ್ಲಿಸಬೇಕು ಎಂದುಕೊಂಡು ಕೂತಿದ್ದೆ. ಅಷ್ಟು ಸಾಕಿತ್ತು ಕೂಡ. ಆಮೇಲೆ ಅನ್ನಿಸಿತು, ಇದು ಹೇಗೂ ಸುಳ್ಳಿನ ಕಾಗದ. ಇದರಲ್ಲಿ ಏನು ಬರೆದರೂ ನಾಳೆ ಅಲ್ಲ ಎನ್ನಬಹುದು. ಹಾಗಾಗಿ ಆರು ವರ್ಷ ಬರೆಯಲಾಗದ್ದನ್ನು ಬರೆದುಬಿಟ್ಟೆ. ನೀನೊಬ್ಬಳೇ ಓದುತ್ತೀಯ ಎಂದಿದ್ದರೆ ನನ್ನ ಕೈ ಓಡುತ್ತಿರಲಿಲ್ಲ. ಯಾರೋ ಕಳ್ಳ ಕೇಳುತ್ತಿದ್ದಾನೆ ಎಂದಿದ್ದಕ್ಕೇ ಧೈರ್ಯ ಬಂತು.

ಈಗ ಅವನಿಲ್ಲ. ಅಲ್ಲ ಎನ್ನುವುದಕ್ಕೆ ನೆಪವೂ ಇಲ್ಲ. ಅಮ್ಮಿಗೆ ಎಲ್ಲ ಹೇಳಿದೆ. “ಬರೆದದ್ದು ಸಾಕು, ಹೋಗಿ ಬಾ” ಎಂದಳು. ಬುಧವಾರ ಸಿದ್ದಾಪುರದ ಕಡೆ ಲೋಡು ಇದೆ. ನಾನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬರುತ್ತೇನೆ.

ಬಂದ ಕೂಡಲೇ ಮಾತಾಡು ಎನ್ನಬೇಡ. ನೀನು ಸುಮ್ಮನೆ ನನ್ನ ಮುಖ ನೋಡುತ್ತಿರು.

ಯಾಸ್ಮೀನ್